ಹುಣಸೆಮರದ ಬಾಣಂತಿಯರು

ಮೀನು ಎತ್ತುವುದಕ್ಕೆಂದೇ ಒಂದು ಇಕ್ಕಳ ಇಟ್ಟುಕೊಂಡಿದ್ದ ಲಿಂಗವಂತರ ಮನೆ ಗುಬ್ಬಿ ತಾಲ್ಲೂಕಿನಲ್ಲೆಲ್ಲ ನಮ್ಮದೊಂದೇ ಇದ್ದಿರಬೇಕು. ಅಡುಗೆಮನೆಯ ಇಕ್ಕಳವಲ್ಲ, ಅದು ಬೇರೆ. ಹಿತ್ತಿಲ ಬಾಗಿಲಾಚೆ ಹುಣಸೆಮರದ ಬೊಡ್ಡೆಗೆ ಹೊಡೆದ ಮೊಳೆಯಲ್ಲಿ ಅದು ನೇತಾಡುತ್ತಿತ್ತು. ನಮ್ಮ ದೊಡ್ಡವ್ವ, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಲಿಂಗಪೂಜೆ ಮಾಡದೆ ಒಂದು ಗುಟುಕು ಕಾಫಿಯನ್ನೂ ಕುಡಿಯದ ಹೆಂಗಸು. ಅಂಥವಳು ಆ ಇಕ್ಕಳದಲ್ಲಿ ಮೀನು ಎತ್ತಿ ಕೊಕ್ಕರೆ ಮರಿಯ ಬಾಯಿಗೆ ಇಡುತ್ತಿದ್ದಳು. ಇಡುವಾಗ ಮುಖ ಆ ಕಡೆಗೆ. "ಶಿವಶಿವಾ, ತಿನ್ನು, ಬಿರ್‍ರನೆ ತಿನ್ನು, ವಾಸ್ನೆ ತಡೆಯಕ್ಕಾಗಲ್ಲ" ಎಂದು ಬೈಯುತ್ತಲೇ ತಿನ್ನಿಸುವುದು. ಆಮೇಲೆ ತಲೆಗೆ ನೀರು ಹಾಕಿಕೊಂಡು, ಮತ್ತೆ ವಿಭೂತಿ ಇಟ್ಟುಕೊಂಡು ಒಳಗೆ ಬರುವುದು. ಮರಿ ಬಿದ್ದ ದಿನಗಳಲ್ಲಿ ಮಹಾತಾಯಿಗೆ ಎಷ್ಟು ಸಲ ಸ್ನಾನವಾಗುತ್ತಿತ್ತೋ ಲೆಕ್ಕವಿರಲಿಲ್ಲ.

ನಿಟ್ಟೂರಿನಿಂದ ಕಡಬದ ಕಡೆಗೆ ಹೋಗುವಾಗ ಮಣ್ಣುದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ತೆಂಗಿನ ತೋಟ, ರಾಗಿ ಹೊಲ, ಒಂದು ಸಣ್ಣ ಕೆರೆ, ಅಷ್ಟೇ. ಕೆರೆ ಏರಿಯ ಕೆಳಗೆ ನಮ್ಮ ಮನೆ, ಮನೆಯ ಹಿಂದೆ ಆ ಹುಣಸೆಮರ. ಸಂಕ್ರಾಂತಿಯ ಆಸುಪಾಸಿನಲ್ಲಿ ಅದಕ್ಕೆ ಬಣ್ಣದ ಕೊಕ್ಕರೆಗಳು ಬರುತ್ತಿದ್ದವು. ಬಿಳಿ ಮೈ, ಕಪ್ಪು ರೆಕ್ಕೆ, ಹಳದಿ ಕೊಕ್ಕು, ಬಾಲದ ಹತ್ತಿರ ಯಾರೋ ಓಕುಳಿ ಎರಚಿದಂತೆ ಗುಲಾಬಿ ಬಣ್ಣ. ಕಾಲು ಮಾತ್ರ ಕೇಳಬೇಡಿ, ಮೈಗಿಂತ ಕಾಲೇ ಹೆಚ್ಚು. ಆ ಕಾಲನ್ನು ಮಡಚಿ ಗೂಡಿನಲ್ಲಿ ಕೂರುವಾಗ ಅವು ಪಡುವ ಪಾಡು ನೋಡಿ ಚಿಕ್ಕಂದಿನಲ್ಲಿ ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ನಗುವುದು ದೊಡ್ಡವ್ವನ ಕಣ್ಣಿಗೆ ಬಿದ್ದರೆ ಮುಗಿಯಿತು. "ಬಸ್ರಿ ಹೆಂಗಸ್ರನ್ನ ನೋಡಿ ಹಂಗೆ ಹಲ್ಲು ಕಿಸಿಬಾರ್ದು ಕಣ್ರೇ!" ಎಂದು ಗದರುತ್ತಿದ್ದಳು. ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂಬುದು ನಮ್ಮೂರಿನ ಲೆಕ್ಕ. ಮೊದಲ ಜೋಡಿ ಮರದ ಮೇಲೆ ಇಳಿದ ದಿನ ದೊಡ್ಡವ್ವ ಬೊಡ್ಡೆಗೆ ಅರಿಶಿನ ಕುಂಕುಮ ಹಚ್ಚಿ, ಮಡಿಲಕ್ಕಿ ಎಂದು ಒಂದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ ಬುಡದಲ್ಲಿ ಇಡುತ್ತಿದ್ದಳು. ಅಂದಿನಿಂದ ಅವು ಮರಿಗಳನ್ನು ಕರೆದುಕೊಂಡು ಹೋಗುವ ತನಕ ಹಿತ್ತಿಲಲ್ಲಿ ಪಟಾಕಿ ಇಲ್ಲ, ಕೊಡಲಿ ಇಲ್ಲ, ಜೋರಾಗಿ ರೇಡಿಯೋ ಸಹ ಇಲ್ಲ. ಅವಳಿಗಿದ್ದವನು ಒಬ್ಬನೇ ಮಗ, ನಮ್ಮ ಅಣ್ಣ. ಹೆಣ್ಣುಮಕ್ಕಳಿಲ್ಲ. ಯಾರಾದರೂ ಆ ಮಾತೆತ್ತಿದರೆ ಮರದ ಕಡೆ ಕೈ ತೋರಿಸಿ, "ಒಂದು ಮರ ತುಂಬ ಹೆಣ್ಮಕ್ಳು ಅವ್ರೆ, ಸಾಲ್ದಾ?" ಅನ್ನುತ್ತಿದ್ದಳು. ತಮಾಷೆಗೆ ಅನ್ನುತ್ತಿದ್ದಳು ಎಂದು ನಾನು ಬಹಳ ಕಾಲ ತಿಳಿದಿದ್ದೆ.

ನನ್ನ ತಾಯಿ ನಾನು ಸ್ಕೂಲಿನಲ್ಲಿರುವಾಗಲೇ ತೀರಿಹೋದಳು. ನನ್ನನ್ನು ಕುಣಿಗಲ್ಲಿಗೆ ಕೊಟ್ಟಿದ್ದು. ಮೊದಲ ಹೆರಿಗೆಗೆ ಬಂದಾಗ ನನ್ನ ಬಾಣಂತನ ಮಾಡಿದವಳು ದೊಡ್ಡವ್ವನೇ. ಒಳಗೆ ನಾನು, ಹೊರಗೆ ಅವು. ಹಂಡೆ ನೀರು ಕಾಯಿಸಿ ನನಗೆ ಎರೆದು, ಸಾಂಬ್ರಾಣಿ ಹಾಕಿ ಮಲಗಿಸಿ, ಹಿತ್ತಿಲಿಗೆ ಹೋಗಿ ಕತ್ತು ಎತ್ತಿ ಮರ ನೋಡುತ್ತಿದ್ದಳು. ಬಿರುಬಿಸಿಲ ಮಧ್ಯಾಹ್ನ ತಾಯಿ ಕೊಕ್ಕರೆ ಕೆರೆಯಿಂದ ಕೊಕ್ಕಿನಲ್ಲಿ ನೀರು ತಂದು ಮರಿಗಳ ಮೈಮೇಲೆ ಸುರಿಯುತ್ತದೆ, ರೆಕ್ಕೆ ಬಿಡಿಸಿ ನೆರಳು ಮಾಡುತ್ತದೆ. ಅದನ್ನು ನೋಡಿದಾಗಲೆಲ್ಲ ಒಳಗೆ ಓಡಿ ಬಂದು, "ಏಯ್, ಅಲ್ಲೂ ನೀರು ಹಾಕ್ತಾವ್ರೆ ಕಣೇ!" ಎಂದು ನನಗೆ ವರದಿ ಒಪ್ಪಿಸುತ್ತಿದ್ದಳು. ಮಗು ನೋಡಲು ಬಂದ ನಮ್ಮತ್ತೆಯ ರೇಷ್ಮೆ ಸೀರೆಯ ಮೇಲೆ ಕೊಕ್ಕರೆ ಹಿಕ್ಕೆ ಹಾಕಿತು. ನಮ್ಮತ್ತೆ ಮೂಗು ಮುಚ್ಚಿಕೊಂಡು, ಇಂಥ ಗಬ್ಬಿನಲ್ಲಿ ಬಾಣಂತಿಯನ್ನು ಇಡುತ್ತಾರಾ ಎಂದು ಕೇಳಿದ್ದಕ್ಕೆ ದೊಡ್ಡವ್ವ, "ನಿಮ್ ಸೊಸೆದೂ ಬಾಣಂತಿ ಕೋಣೆ, ಅವರದೂ ಬಾಣಂತಿ ಕೋಣೇನೇ, ಅವರ್‍ದು ಮೇಲಿನ ಮಹಡಿ ಅಷ್ಟೇ" ಅಂದಳು. ನಮ್ಮತ್ತೆ ಆ ಮಾತನ್ನು ಇವತ್ತಿಗೂ ಮರೆತಿಲ್ಲ.

ಆಮೇಲೆ ನನ್ನ ಗಂಡನ ಕೆಲಸಕ್ಕೆಂದು ನಾವು ತುಮಕೂರಿಗೆ ಬಂದು ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದೆವು. ನಾನೂ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆಯಾದೆ. ಊರಿಗೆ ಸ್ಕೂಟರಿನಲ್ಲೇ ಹೋಗಿಬರುವಷ್ಟು ದೂರ. ಹಾಗಾಗಿ ಮುಂದಿನದೆಲ್ಲ ನಾನು ಹತ್ತಿರದಿಂದಲೇ ನೋಡಿದ್ದು.

ಮಳೆ ಸರಿಯಾಗಿ ಆಗದ ಒಂದು ವರ್ಷ. ನಾಲೆಯ ನೀರೂ ನಮ್ಮ ಕೆರೆಯ ತನಕ ಬರಲಿಲ್ಲ. ಕೊಕ್ಕರೆಗಳು ಮಾತ್ರ ಬಂದವು, ಗೂಡು ಕಟ್ಟಿದವು, ಮರಿ ಮಾಡಿದವು. ಯುಗಾದಿ ಕಳೆಯುವಷ್ಟರಲ್ಲಿ ಕೆರೆಯಲ್ಲಿದ್ದ ನೀರು ಇಂಗಿಹೋಯಿತು. ದೊಡ್ಡವು ಎಲ್ಲೆಲ್ಲೋ ಹಾರಿ ಹೋಗಿ ಬರಿ ಕೊಕ್ಕಿನಲ್ಲಿ ಬರುತ್ತಿದ್ದವು. ಮರಿಗಳು ಹಸಿವಿಗೆ ಕಿತ್ತಾಡಿ ಒಂದನ್ನೊಂದು ಗೂಡಿನಿಂದ ತಳ್ಳಿದವು. ದೊಡ್ಡವ್ವ ಗುಬ್ಬಿಯ ತನಕ ಹೇಳಿ ಕಳಿಸಿ ಮೀನು ತರಿಸಿದಳು. ಲಿಂಗವಂತರ ಮನೆಗೆ ಮೀನಿನ ಚೀಲ ಬರುವುದನ್ನು ನೋಡಿ ಊರು ಮುಸಿಮುಸಿ ನಕ್ಕಿತು. ನಗಲಿ, ಅವರ ನಗುವಿಗಿಷ್ಟು ಬೆಂಕಿ ಹಾಕ. ಆದರೆ ಬಿದ್ದ ಮರಿಗಳು ಉಳಿಯಲಿಲ್ಲ. ಒಂದಾದ ಮೇಲೊಂದನ್ನು ದೊಡ್ಡವ್ವ ತೋಟದಲ್ಲಿ ಗುಂಡಿ ತೋಡಿ ಮಣ್ಣು ಮಾಡಿದಳು. ನಾನು ಭಾನುವಾರ ಹೋದಾಗ ಜಗಲಿಯಲ್ಲಿ ಕೂತಿದ್ದಳು. "ತವರಿಗೆ ಬಂದ ಹೆಣ್ಮಕ್ಳ ಮಡ್ಲು ಬರಿದು ಮಾಡಿ ಕಳಿಸ್ದಂಗಾಯ್ತಲ್ಲೇ" ಅಂದಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದೇ ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಮಾತು ಬಂತು. ಯಾರೋ ದಾನಿಗಳು ಮುಂದೆ ಬಂದಿದ್ದರು, ಯಂತ್ರ ಅವರದು, ಹೂಳು ಸಾಗಿಸಿಕೊಳ್ಳುವ ಕೆಲಸ ಊರವರದು. ದೇವಸ್ಥಾನದ ಮುಂದೆ ಸಭೆ ಸೇರಿತು. ಎಷ್ಟು ಆಳ ತೆಗೆಯಬೇಕು, ಕೆರೆಯಂಗಳದ ಇಳಿಜಾರನ್ನು ಒಂದು ಕಡೆ ಹಾಗೇ ಬಿಡಬೇಕಾ, ದನ ಇಳಿಯಲು ಜಾಗ ಬೇಕಲ್ಲವಾ ಎಂದೆಲ್ಲ ಗಂಡಸರು ಎಳೆದಾಡುತ್ತಿದ್ದರು. ನಮ್ಮಲ್ಲಿ ಹೆಂಗಸರು ಸಭೆಯಲ್ಲಿ ಬಾಯಿ ಬಿಡುವುದು ಕಮ್ಮಿ. ದೊಡ್ಡವ್ವ ಎದ್ದು ನಿಂತಳು. "ಅದೇನು ಹಿಂದೆ ಮುಂದೆ ನೋಡ್ತೀರ? ಏರಿಯಿಂದ ಆಚೆ ದಡದ ಗಂಟ ಅಗೀರಿ. ಒಂದು ಮೂಲೇನೂ ಬುಡಬ್ಯಾಡಿ. ಇನ್ಮೇಲೆ ನನ್ ಮಕ್ಳಿಗೆ ನೀರಿಲ್ಲ ಅನ್ನಂಗಾಗಬಾರ್ದು" ಅಂದಳು. ಊರಿಗೆ ಊರೇ ಹೌದು ಹೌದು ಅಂದಿತು. ನಾನೂ ಅಲ್ಲೇ ಇದ್ದೆ, ನಾನೂ ಚಪ್ಪಾಳೆ ತಟ್ಟಿದೆ. ಬಯಲು ಸೀಮೆಯ ಜನ ನಾವು. ನೀರು ಕಮ್ಮಿಯಾಗಿ ಕೆಟ್ಟದ್ದಾಗಿದ್ದು ಗೊತ್ತು, ನೀರು ಹೆಚ್ಚಾಗಿ ಕೆಟ್ಟದ್ದಾಗುತ್ತದೆ ಎಂದರೆ ನಮ್ಮ ತಲೆಗೆ ಹೋಗುವುದೇ ಇಲ್ಲ.

ಯಂತ್ರಕ್ಕೆ ಪೂಜೆ ಮಾಡಿ ಕಾಯಿ ಒಡೆದದ್ದೂ ಅವಳೇ. ಹಿಟಾಚಿ ಹಗಲೆಲ್ಲ ಅಗೆಯಿತು. ಜೊಂಡು, ಆಪು ಹುಲ್ಲು, ಜಾಲಿ ಗಿಡ ಎಲ್ಲ ಹೋದವು. ಇಳಿಜಾರಾಗಿದ್ದ ಅಂಗಳ ತೊಟ್ಟಿಯ ಗೋಡೆಯಂತೆ ನೆಟ್ಟಗಾಯಿತು, ಸುತ್ತ ಕಲ್ಲು ಹೊದಿಸಿದರು, ಮೇಲೆ ವಾಕಿಂಗ್ ಮಾಡಲು ದಾರಿ. ಅಗೆದು ತೆಗೆದ ಗೋಡು, ಅಂದರೆ ಆ ಕಪ್ಪು ಹೂಳುಮಣ್ಣು, ಟ್ರ್ಯಾಕ್ಟರಿನಲ್ಲಿ ಎಲ್ಲರ ತೋಟಕ್ಕೂ ಹೋಯಿತು, ನಮ್ಮ ತೋಟಕ್ಕೂ ಬಂತು. ಕೆಲಸ ಮುಗಿದಾಗ ಕೆರೆ ನೋಡಲು ಎಷ್ಟು ಲಕ್ಷಣವಾಗಿತ್ತು ಎಂದರೆ ಹುಡುಗರು ಫೋಟೋ ಹೊಡೆದು ಎಲ್ಲ ಗ್ರೂಪಿಗೂ ಕಳಿಸಿದರು.

ಆ ಮಳೆಗಾಲ ಶಿವ ಕಣ್ಣು ಬಿಟ್ಟ. ಮಳೆಯೂ ಬಂತು, ನಾಲೆಯ ನೀರೂ ಬಂತು, ಎಷ್ಟೋ ವರ್ಷದ ಮೇಲೆ ನಮ್ಮ ಕೆರೆ ಕೋಡಿ ಬಿತ್ತು. ಹೆಂಗಸರೆಲ್ಲ ಮೊರದ ತುಂಬ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟು ಬಾಗಿನ ಬಿಟ್ಟೆವು. ದೊಡ್ಡವ್ವ ಹಸಿರು ಸೀರೆ ಉಟ್ಟು ಮದುವೆ ಮನೆಯ ಯಜಮಾನಿಯ ಹಾಗೆ ಓಡಾಡಿದಳು. "ಈ ಸಲ ಬರ್‍ಲಿ, ಬ್ಯಾಡ ಅನ್ನೋವಷ್ಟು ಉಂಡ್ಕೊಂಡು ಹೋಗ್ತಾವೆ" ಎಂದು ಸಿಕ್ಕವರಿಗೆಲ್ಲ ಹೇಳಿದಳು. ಕೆರೆಗೆ ಮೀನು ಮರಿ ಬಿಟ್ಟರು. ಅವು ಚೆನ್ನಾಗಿ ಬಲಿತವು.

ಸಂಕ್ರಾಂತಿಗೆ ಕೊಕ್ಕರೆಗಳು ಬಂದವು. ಬಂದವು, ಹಳೇ ಕೊಂಬೆಗಳ ಮೇಲೆ ಕೂತವು, ಕೊಕ್ಕು ಬಡಿದು ಸದ್ದು ಮಾಡಿದವು, ಕಡ್ಡಿ ಕೂಡ ತಂದವು. ದೊಡ್ಡವ್ವ ಮಡಿಲಕ್ಕಿ ಇಟ್ಟಳು. ಅವು ಕೆರೆಗೆ ಹೋಗಿ ನೀರಿನ ಮೇಲೆ ಸುತ್ತು ಹೊಡೆದು, ಕಲ್ಲಿನ ಮೇಲೆ ಇಳಿದು, ಕತ್ತು ಬಗ್ಗಿಸಿ ನೀರು ನೋಡಿ ವಾಪಸ್ಸು ಬರುತ್ತಿದ್ದವು. ಒಂದು ವಾರದಲ್ಲಿ ಕಡ್ಡಿ ತರುವುದು ನಿಂತಿತು. ಇನ್ನೊಂದು ವಾರಕ್ಕೆ ಮರ ಖಾಲಿ.

ಅಬ್ಬಬ್ಬಾ, ಆಗ ದೊಡ್ಡವ್ವನ ಬಾಯಿಗೆ ಸಿಕ್ಕದವರೇ ಇಲ್ಲ. ಪಕ್ಕದ ಮನೆಯ ನಾಮಕರಣಕ್ಕೆ ಡೀಜೆ ಹಾಕಿದ್ದರು, ಅವರ ಜತೆ ಬೀದಿಯಲ್ಲಿ ನಿಂತು ಜಗಳ. ಹಿತ್ತಿಲಲ್ಲಿ ಬಟ್ಟೆ ಒಗೆದಳೆಂದು ಅತ್ತಿಗೆಯ ಮೇಲೆ ರೇಗಾಟ. ಮೊಬೈಲ್ ಟವರಿಗೂ ಶಾಪ ಬಿತ್ತು. ನಾನು ಹೋದರೆ ನನಗೂ ಬಂತು. "ನಿನ್ ಸ್ಕೂಟ್ರು ಸದ್ದು ಏನು ಕಮ್ಮಿನಾ? ಬಾಣ್ತಿ ಮನೆ ಮುಂದೆ ಪ್ಯಾಂ ಅನ್ಸ್‌ಕೊಂಡು ಬತ್ತೀಯ!" ನಾನೂ ಸುಮ್ಮನಿರುವವಳಲ್ಲ. "ಅವು ಹಕ್ಕಿ ಕಣವ್ವ, ಎಲ್ಲಿ ಊಟ ಸಿಗ್ತದೋ ಅಲ್ಲಿಗೆ ಹೋಗ್ತವೆ" ಅಂದೆ. "ಊಟಕ್ಕೇನು ಬರ ಬಂದೈತೆ? ಕೆರೆ ತುಂಬ ಮೀನೈತೆ!" ಅಂದಳು. ನಿಜಕ್ಕೂ ಕೆರೆ ತುಂಬ ಮೀನಿತ್ತು, ಏರಿಯ ಮೇಲೆ ನಿಂತರೆ ಎಗರುವುದು ಕಾಣುತ್ತಿತ್ತು.

ಅವು ಯಾಕೆ ಹೋದವು ಎಂಬುದನ್ನು ಅವಳೇ ಕಂಡುಕೊಂಡಳು. ಶಿವರಾತ್ರಿಯ ಮಾರನೆಯ ದಿನ ನಾನು ಊರಲ್ಲಿದ್ದೆ. ಜಾಗರಣೆಯ ಕಂಬಳಿ ಒಗೆಯಬೇಕೆಂದು ಇಬ್ಬರೂ ಕೆರೆಗೆ ಹೋದೆವು. ಮದುವೆಯಾಗಿ ಬಂದಾಗಿನಿಂದ ಅವಳು ಬಟ್ಟೆ ಒಗೆದದ್ದು ಅಲ್ಲೇ, ಹೂಳೆತ್ತಿದ ಮೇಲೆ ಇಳಿದದ್ದು ಮಾತ್ರ ಅದೇ ಮೊದಲು. ಹಿಂದೆಲ್ಲ ಮಾರುದ್ದ ಒಳಗೆ ಹೋದರೂ ನೀರು ಮಂಡಿಯ ಮೇಲೆ ಬರುತ್ತಿರಲಿಲ್ಲ. ಆ ಅಭ್ಯಾಸದಲ್ಲಿ ಸೀರೆ ಎತ್ತಿ ಕಟ್ಟಿ ಕಲ್ಲಿನ ಮೇಲಿಂದ ಒಂದು ಹೆಜ್ಜೆ ಇಟ್ಟಳು. ಇಟ್ಟವಳು ಕಾಣಲೇ ಇಲ್ಲ. ನಾನು ಬಾಯಿ ಬಡಿದುಕೊಂಡೆ. ಅವಳ ಕೈ ಮೇಲೆ ಬಂತು, ಕಂಬಳಿಯ ಒಂದು ತುದಿ ಎಸೆದೆ, ಹಿಡಿದಳು. ಅಷ್ಟರಲ್ಲಿ ಕೆರೆ ತೂಬು ಕಾಯುವ ನೀರುಗಂಟಿ ಓಡಿ ಬಂದ, ಇಬ್ಬರೂ ಸೇರಿ ಎಳೆದು ಹಾಕಿದೆವು. ಕೆಮ್ಮಿ, ನೀರು ಕಕ್ಕಿ, ಏರಿಯ ಮೇಲೆ ಕಾಲು ಚಾಚಿ ಕೂತಳು. ನನಗೆ ಭಯಕ್ಕೆ ಸಿಟ್ಟು ಬಂದಿತ್ತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಕೂಗಾಡಿದೆ. ಅವಳು ನನ್ನ ಮಾತು ಕೇಳುತ್ತಿರಲಿಲ್ಲ. ನೆನೆದ ತನ್ನ ಕಾಲನ್ನೇ ನೋಡುತ್ತಿದ್ದಳು.

"ಕಾಲೇ ಊರಲಿಲ್ಲ ಕಣೇ" ಅಂದಳು. "ನನ್ ಕಾಲೇ ಊರಲಿಲ್ಲ. ಅವು ಎಲ್ಲಿ ನಿಂತ್ಕೊತವೆ?"

ಕೊಕ್ಕರೆ ಈಜುವುದಿಲ್ಲ, ಮುಳುಗುವುದಿಲ್ಲ. ಕಾಲೂರಿ ನಿಂತು, ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಆಡಿಸುತ್ತ, ಒಂದು ಕಾಲಿನಿಂದ ಕೆಸರು ಕಲಕಿ ಮೀನು ಹಿಡಿಯುತ್ತದೆ. ಹುಟ್ಟಿದಾಗಿನಿಂದ ನಾವೆಲ್ಲ ಅದನ್ನು ನೋಡಿದ್ದೆವು. ಸಭೆಯಲ್ಲಿ ಒಬ್ಬರಿಗಾದರೂ ನೆನಪಾಗಬಾರದಿತ್ತಾ?

ಅದಾದ ಮೇಲೆ ಅವಳು ಶುರು ಮಾಡಿದ್ದನ್ನು ಊರು ಹುಚ್ಚು ಅಂದಿತು. ತೋಟಕ್ಕೆ ಹಾಕಿಸಿದ್ದ ಕೆರೆಗೋಡನ್ನು ತೆಂಗಿನ ಬುಡದಿಂದ ಕೆರೆದು ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ಏರಿ ಹತ್ತಿ, ಕೆರೆಗೆ ಸುರಿಯುತ್ತಿದ್ದಳು. ಬೆಳಗ್ಗೆ ಪೂಜೆ ಮುಗಿಸಿ ಒಂದಷ್ಟು, ಬಿಸಿಲು ಇಳಿದ ಮೇಲೆ ಒಂದಷ್ಟು. "ಏನವ್ವೋ, ಊರೆಲ್ಲ ಸೇರಿ ತೆಗೆದ ಹೂಳ್ನ ನೀನೊಬ್ಳೇ ತುಂಬ್ತೀಯಾ?" ಎಂದು ನೀರುಗಂಟಿ ತಡೆದ. "ನಮ್ ತೋಟಕ್ಕೆ ಬಂದಿದ್ದ ಪಾಲ್ನ ನಾನು ವಾಪಸ್ ಹಾಕ್ತಾ ಇವ್ನಿ, ನಿಂಗೇನ್ಲಾ?" ಅಂದಳಂತೆ. ಅಣ್ಣ ಗದರಿದ, ಅತ್ತಿಗೆ ಮಂಕರಿ ಬಚ್ಚಿಟ್ಟಳು, ಅವಳು ಅಕ್ಕಿ ಕೇರುವ ಮೊರದಲ್ಲಿ ಹೊತ್ತಳು. ಒಂದು ಭಾನುವಾರ ನಾನೇ ಜತೆಗೆ ಹೋಗಿ ನೋಡಿದೆ. ಮಣ್ಣು ಬಿದ್ದ ಕಡೆ ನೀರು ಸ್ವಲ್ಪ ಹೊತ್ತು ಕಪ್ಪಗಾಯಿತು, ಆಮೇಲೆ ತಿಳಿಯಾಯಿತು. ಅವಳು ಒಂದು ಬಿದಿರು ಕೋಲು ಇಳಿಸಿ ಆಳ ನೋಡಿದಳು. ಮತ್ತೆ ತುಂಬಿಕೊಂಡು ಬರಲು ಹೊರಟಳು.

ಊರವರಿಗೂ ಮನಸ್ಸಿರಲಿಲ್ಲ ಎಂದಲ್ಲ. ಒಂದು ಮೂಲೆಯನ್ನು ಇಳಿಜಾರು ಮಾಡಿಸಬಹುದಾ ಎಂದು ಅಣ್ಣ ಕೇಳಿ ನೋಡಿದ. ಕಟ್ಟಿದ ಕಲ್ಲನ್ನು ಕೀಳುತ್ತಾರಾ ಯಾರಾದರೂ, ಬೋರ್‌ವೆಲ್ಲುಗಳಲ್ಲಿ ನೀರು ಬಂದಿದೆ, ತೆಂಗು ಚೇತರಿಸಿಕೊಂಡಿದೆ ಅಂದರು. ಅದೂ ಸುಳ್ಳಲ್ಲ. ನಮ್ಮ ತೋಟದ್ದೇ ಎಳನೀರು ನಾನು ಡಿಕ್ಕಿ ತುಂಬ ತರುತ್ತಿದ್ದೆ, ಇಲ್ಲ ಅನ್ನಲೇ? ಮುಂದಿನ ಸಂಕ್ರಾಂತಿಗೆ ಒಂದೇ ಒಂದು ಜೋಡಿ ಬಂದು, ಮರದ ಮೇಲೆ ಒಂದು ದಿನ ಕೂತು ಹೋಯಿತು. ಅದರ ಮುಂದಿನ ವರ್ಷ ಅದೂ ಇಲ್ಲ. ಅಷ್ಟರಲ್ಲಿ ದೊಡ್ಡವ್ವನ ಮಂಡಿ ಸವೆದುಹೋಗಿತ್ತು, ಏರಿ ಹತ್ತಲು ಆಗುತ್ತಿರಲಿಲ್ಲ. ಜಗಲಿಯಲ್ಲಿ ಕೂತು ನನಗೆ ಫೋನ್ ಮಾಡುವಳು. ಕೇಳುವುದು ಒಂದೇ ಮಾತು. "ಎಲ್ಲಿಗೆ ಹೋದ್ವೋ ಏನೋ. ಎಲ್ಲಾದ್ರೂ ಇದ್ರೆ ಸಾಕು ಕಣೇ. ಯಾರನ್ನಾದ್ರೂ ಕೇಳ್ ನೋಡು."

ಯಾರನ್ನು ಕೇಳುವುದು? ಕೇಳಲಿಲ್ಲ, ಆದರೂ ಸಿಕ್ಕವು. ಹೋದ ಬೇಸಿಗೆಯಲ್ಲಿ ಅವಳ ಮಂಡಿ ತೋರಿಸಲು ತುಮಕೂರಿಗೆ ಕರೆಸಿಕೊಂಡಿದ್ದೆ. ಡಾಕ್ಟರ ಹತ್ತಿರ ತೋರಿಸಿ, ಅವಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದೆ. ದೊಡ್ಡ ರಸ್ತೆಯಲ್ಲಿ ಲಾರಿ ಕಾಟವೆಂದು ಊರ ಹೊರಗಿನ ಬಳಸು ದಾರಿ ಹಿಡಿದೆ. ಅಲ್ಲೊಂದು ತಗ್ಗು, ಬಡಾವಣೆಗಳ ಚರಂಡಿ ನೀರೆಲ್ಲ ಬಂದು ನಿಲ್ಲುವ ಜಾಗ. ಥೂ, ಅದರ ನಾತ ಹೇಳತೀರದು. ಎಲ್ಲರೂ ಮೂಗು ಮುಚ್ಚಿಕೊಂಡು ಗಾಡಿ ಓಡಿಸುವ ಕಡೆ. ದೊಡ್ಡವ್ವ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ನಿಲ್ಸು. ನಿಲ್ಸೇ!"

ನಿಲ್ಲಿಸಿದೆ. ನೊರೆ, ಥರ್ಮಾಕೋಲು, ಪ್ಲಾಸ್ಟಿಕ್ ಕವರು, ಕೋಳಿ ಅಂಗಡಿಯವರು ಸುರಿದ ಪುಕ್ಕ. ಅದರ ನಡುವೆ ಕೊಕ್ಕರೆಗಳು ನಿಂತಿದ್ದವು. ಬಣ್ಣದ ಕೊಕ್ಕರೆಗಳೇ. ಕಾಲು ಅರ್ಧದ ತನಕ ಡಾಂಬರು ಮೆತ್ತಿದಂತೆ ಕಪ್ಪು, ಬಿಳಿ ಮೈ ಮಾಸಿದ ಪಂಚೆಯ ಬಣ್ಣಕ್ಕೆ ತಿರುಗಿತ್ತು. ಒಂದರ ಕಾಲಿಗೆ ಪ್ಲಾಸ್ಟಿಕ್ ದಾರ ಸುತ್ತಿಕೊಂಡಿತ್ತು, ಎಳೆದುಕೊಂಡೇ ಹೆಜ್ಜೆ ಇಡುತ್ತಿತ್ತು. ಕೊಕ್ಕು ಅರ್ಧ ತೆರೆದು ಆ ಗಲೀಜಿನಲ್ಲಿ ಆ ಕಡೆಯಿಂದ ಈ ಕಡೆಗೆ ಆಡಿಸುತ್ತಿದ್ದವು.

ನಮ್ಮ ಮರದವೇ ಎಂದು ಹೇಳಲು ಗುರುತೇನೂ ಇಲ್ಲ. ದೊಡ್ಡವ್ವನಿಗೆ ಗುರುತು ಬೇಕಿರಲಿಲ್ಲ. ಕುಂಟಿಕೊಂಡು ರಸ್ತೆಯ ಅಂಚಿಗೆ ಹೋಗಿ ನಿಂತಳು. ನಾನು ದುಪಟ್ಟಾದಿಂದ ಮೂಗು ಕಟ್ಟಿಕೊಂಡೆ, ಅವಳು ಮೂಗಿಗೆ ಕೈ ಸಹ ಇಡಲಿಲ್ಲ. "ಇಲ್ಲಿ ಇದೀರೇನ್ರವ್ವಾ" ಅಂದಳು, ಪಕ್ಕದಲ್ಲಿದ್ದ ನನಗೇ ಕೇಳಿಸೀತೋ ಇಲ್ಲವೋ ಎಂಬಂತೆ.

ಏನಾದರೂ ಸಮಾಧಾನ ಹೇಳಬೇಕಿತ್ತು. "ಬದುಕವೆ ನೋಡವ್ವ. ಮೀನು ಸಿಗ್ತಾ ಇರ್‍ಬೇಕು. ಮಂಡಿಯುದ್ದ ನೀರು ಐತಲ್ಲ, ನಿಂತ್ಕೊಳ್ಳಕ್ಕಾಗ್ತದೆ" ಅಂದೆ.

"ಹೂಂ. ಮಂಡಿಯುದ್ದ" ಅಂದಳು. "ಅಷ್ಟೇ ಕಣೇ ಅವು ಕೇಳಿದ್ದು. ಇಲ್ಲಿ ಯಾರೋ ಉಚ್ಚೆ ನೀರಾದ್ರೂ ಅಷ್ಟು ಮಾತ್ರ ಬುಟ್ಟವ್ರೆ. ನಾನು ಕೆರೆ ತುಂಬ ಕೊಟ್ಟೆ."

ಆ ದಾರದ ಕಾಲಿನ ಹಕ್ಕಿ ಮೇವು ನಿಲ್ಲಿಸಿ, ಕತ್ತು ಎತ್ತಿ ರಸ್ತೆಯ ಕಡೆಗೆ ತಿರುಗಿತು. ದೊಡ್ಡವ್ವ ತಟ್ಟನೆ ಸೆರಗು ಎಳೆದಳು. ಕೊನೆಗೂ ನಾತ ತಡೆಯಲಾಗಲಿಲ್ಲವೇನೋ ಅಂದುಕೊಂಡೆ. ಮೂಗಿಗಲ್ಲ, ಮುಖದ ತುಂಬ ಎಳೆದುಕೊಂಡಿದ್ದಳು.

"ಗಾಡಿ ತೆಗಿ. ಅವು ನನ್ನ ನೋಡೋದು ಬ್ಯಾಡ" ಅಂದಳು.

ಮನೆ ಮುಟ್ಟುವ ತನಕ ಅವಳು ಸೆರಗು ತೆಗೆಯಲಿಲ್ಲ.